ಎರೆಮಣ್ಣಿನ ಅಂಗಳದಲ್ಲಿ ಮೊದಲ ಕೈತೋಟ: ಯಾವ ಗಿಡಗಳಿಂದ ಆರಂಭಿಸಬೇಕು?

ಹೊಸಮನೆ, ಹುಬ್ಬಳ್ಳಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ಗದಗ ರಸ್ತೆಯ ಕಡೆಯ ಹೊಸ ಬಡಾವಣೆಯೊಂದರಲ್ಲಿ ಮನೆ ಕಟ್ಟಿಸಿ, ಈ ಯುಗಾದಿಯ ಹೊತ್ತಿಗೆ ವಾಸಕ್ಕೆ ಬಂದಿದ್ದೇವೆ. 30 ಅಡಿಗೆ 40 ಅಡಿಯ ನಿವೇಶನದಲ್ಲಿ ಮನೆ ಬಿಟ್ಟು ಉಳಿದಿರುವುದು ಮುಂದೆ ಪಶ್ಚಿಮಕ್ಕೆ ಆರು ಅಡಿಯ ಪಟ್ಟಿ, ಉತ್ತರದ ಗೋಡೆಯ ಪಕ್ಕ ಮೂರು ಅಡಿಯ ಸಂದಿ ಮತ್ತು ಹಿತ್ತಲಲ್ಲಿ ಪೂರ್ವಕ್ಕೆ ಐದು ಅಡಿ. ಇದುವರೆಗೆ ಬಾಡಿಗೆ ಮನೆಗಳಲ್ಲಿಯೇ ಇದ್ದ ನಮಗೆ ತುಳಸಿಯ ಕುಂಡವೊಂದನ್ನು ಬಿಟ್ಟರೆ ಗಿಡ ಬೆಳೆಸಿದ ಅನುಭವವಿಲ್ಲ.

ಮಣ್ಣು ಅಪ್ಪಟ ಎರೆ. ಈಗ ಮೇ ತಿಂಗಳ ಬಿಸಿಲಿಗೆ ಬೆರಳು ಇಳಿಯುವಷ್ಟು ಅಗಲವಾದ ಬಿರುಕುಗಳು ಬಿಟ್ಟಿವೆ. ಮೊನ್ನೆ ಅಡ್ಡಮಳೆ ಬಿದ್ದಾಗ ಅದೇ ನೆಲದಲ್ಲಿ ಕಾಲಿಡಲಾಗದಷ್ಟು ಕೆಸರಾಯಿತು. ನಳದ ನೀರು ಹಲವು ದಿನಗಳಿಗೊಮ್ಮೆ ಬರುತ್ತದೆ. ಬೋರ್‌ವೆಲ್ ನೀರು ಸವುಳಾಗಿದ್ದು, ಬಕೆಟ್ಟಿನ ಅಂಚಿಗೆ ಬಿಳಿಯ ಪದರ ಕಟ್ಟುತ್ತದೆ.

ನಮ್ಮ ಅತ್ತೆಯವರಿಗೆ ದಿನದ ಪೂಜೆಗೆ ನಾಲ್ಕು ಹೂವು ಮನೆಯಲ್ಲಿಯೇ ಸಿಗಬೇಕೆಂಬ ಆಸೆ. ನನಗೆ ಕರಿಬೇವು, ಸ್ವಲ್ಪ ಸೊಪ್ಪು ಮತ್ತು ಗುಲಾಬಿ ಬೇಕು. ಯಜಮಾನರಿಗೆ ಒಂದು ತೆಂಗು, ಒಂದು ಆಪೂಸು ಮಾವು ಇರಲೇಬೇಕೆಂಬ ಹಟ. ಇದರ ನಡುವೆ ಶಿರಸಿಯ ನೆಂಟರು ಗಂಧರಾಜ, ಕೇಪಳ, ಅಂಥೂರಿಯಂ, ಕರಿಮೆಣಸಿನ ಬಳ್ಳಿ ಎಲ್ಲವನ್ನೂ ಕೊಡುತ್ತೇವೆ, ಬಂದು ಒಯ್ಯಿರಿ ಎನ್ನುತ್ತಿದ್ದಾರೆ. ಇಬ್ಬರೂ ಕೆಲಸಕ್ಕೆ ಹೋಗುವವರಾದ್ದರಿಂದ ಗಿಡಗಳಿಗೆ ಸಿಗುವುದು ಬೆಳಗಿನ ಅರ್ಧ ತಾಸು ಮಾತ್ರ. ಇವುಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಅನುಭವಸ್ಥರು ಕಾರಣಸಹಿತ ತಿಳಿಸಿದರೆ ಉಪಕಾರವಾಗುತ್ತದೆ.

ಹಿತ್ತಲಗಿಡ, ಧಾರವಾಡ

ಸಹೋದರಿಯವರಿಗೆ ನಮಸ್ಕಾರ. ನಿಮ್ಮ ಪಟ್ಟಿಯಲ್ಲಿರುವ ಗಿಡಗಳಲ್ಲಿ ಅರ್ಧದಷ್ಟನ್ನು ನಿಮ್ಮ ಮಣ್ಣು ಮತ್ತು ನೀರು ಎರಡೂ ಸೇರಿ ಆಗಲೇ ತಿರಸ್ಕರಿಸಿವೆ. ಉಳಿದವುಗಳಲ್ಲಿ ಆರಿಸಿಕೊಳ್ಳುವುದಷ್ಟೇ ನಿಮ್ಮ ಕೆಲಸ.

ಶಿರಸಿಯ ಗಿಡಗಳಿಂದಲೇ ಆರಂಭಿಸುತ್ತೇನೆ. ಮಲೆನಾಡಿನ ಮಣ್ಣು ಹೆಚ್ಚು ಮಳೆಗೆ ಸುಣ್ಣದ ಅಂಶ ತೊಳೆದುಹೋಗಿ ಹುಳಿ ಗುಣ ಪಡೆದಿರುತ್ತದೆ. ನಮ್ಮ ಎರೆಮಣ್ಣಿನಲ್ಲಿ ಸುಣ್ಣ ಹೆಚ್ಚು, ಅದರ ಗುಣ ಕ್ಷಾರ. ಇಂಥ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಸಿಗುವ ರೂಪದಲ್ಲಿರುವುದಿಲ್ಲ. ಗಂಧರಾಜ, ಕೇಪಳದಂಥ ಗಿಡಗಳನ್ನು ಇಲ್ಲಿ ನೆಟ್ಟರೆ ಮೊದಲ ಮಳೆಗಾಲ ಹೇಗೋ ಕಳೆಯುತ್ತದೆ, ಅನಂತರ ಹೊಸ ಎಲೆಗಳು ನರ ಮಾತ್ರ ಹಸಿರಾಗಿ ಉಳಿದು, ನಡುವೆಲ್ಲ ಹಳದಿ ತಿರುಗುತ್ತವೆ. ನೀರು ಕಡಿಮೆಯಾಯಿತೆಂದು ತಿಳಿದು ಸವುಳು ನೀರನ್ನೇ ಇನ್ನಷ್ಟು ಹಾಕಿದರೆ ರೋಗ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ಅಂಥೂರಿಯಂ ಮತ್ತು ಕರಿಮೆಣಸು ಬೇಡುವ ನೆರಳು, ತೇವದ ಗಾಳಿ ಗದಗ ರಸ್ತೆಯ ಕಡೆ ಮಳೆಗಾಲ ಬಿಟ್ಟರೆ ಸಿಗುವುದಿಲ್ಲ. ನೆಂಟರ ಮನಸ್ಸು ನೋಯಬಾರದೆಂದಿದ್ದರೆ ಗಂಧರಾಜವೊಂದನ್ನು ಕುಂಡದಲ್ಲಿಟ್ಟು ಮಳೆನೀರಿನಲ್ಲಿ ಬೆಳೆಸಿರಿ.

ಗಿಡ ತರುವ ಮೊದಲು ಒಂದು ಕೆಲಸ ಮಾಡಿ. ಹೊಸ ಮನೆಯ ಸುತ್ತ ಗಾರೆ, ಸಿಮೆಂಟಿನ ಪುಡಿ, ಇಟ್ಟಿಗೆ ಚೂರುಗಳನ್ನು ಗೌಂಡಿಗಳು ಮಣ್ಣಿನಡಿಯೇ ಮುಚ್ಚಿ ಹೋಗಿರುತ್ತಾರೆ. ಅವು ಮಣ್ಣಿನ ಕ್ಷಾರವನ್ನು ಮತ್ತಷ್ಟು ಏರಿಸುವುದರಿಂದ ಒಂದು ಅಡಿ ಅಗೆಸಿ ತೆಗೆಸಿರಿ. ಹಾಗೆ ಅಗೆದಾಗ ಒಂದು ಅಡಿ ಆಳದ ಗುಂಡಿಗೆ ನೀರು ತುಂಬಿ ಇಂಗಲು ಬಿಡಿ. ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿ ನೋಡಿರಿ. ಎರಡನೆಯ ಸಲ ತುಂಬಿದ ನೀರು ಮರುದಿನವೂ ನಿಂತಿದ್ದರೆ ಅಲ್ಲಿ ಗುಂಡಿ ತೋಡಿ ಗಿಡ ನೆಡುವುದೆಂದರೆ ಆಷಾಢದ ಜಿಟಿಜಿಟಿ ಮಳೆಯಲ್ಲಿ ಬೇರನ್ನು ನೀರಿನಲ್ಲಿ ಮುಳುಗಿಸಿಟ್ಟಂತೆಯೇ. ಅಂಥ ಕಡೆ ನೆಲಕ್ಕಿಂತ ಒಂದು ಅಡಿ ಎತ್ತರದ ಮಡಿ ಕಟ್ಟಿಕೊಂಡು, ಮಸಾರಿ ಮಣ್ಣು (ನೀರು ಬೇಗ ಇಂಗುವ ಕೆಂಪು ಮಣ್ಣು) ಮತ್ತು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ತುಂಬಿ ನೆಡಬೇಕು.

ಇನ್ನು ಜಾಗಗಳ ವಿಚಾರ. ಮುಂದಿನ ಪಟ್ಟಿಗೆ ಮಧ್ಯಾಹ್ನದ ನಂತರದ ಸುಡು ಬಿಸಿಲು, ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮದ ಬಿರುಗಾಳಿ ಎರಡೂ ನೇರವಾಗಿ ಬಡಿಯುತ್ತವೆ. ಅಲ್ಲಿಗೆ ದಾಸವಾಳ ಮತ್ತು ನಂದಿಬಟ್ಟಲಿಗಿಂತ ಗಟ್ಟಿಯಾದ ಹೂಗಿಡಗಳನ್ನು ನಾನು ಹೇಳಲಾರೆ. ದಾಸವಾಳದಲ್ಲಿ ಐದು ಎಸಳಿನ ಕೆಂಪು ನಾಟಿ ಗಿಡವನ್ನೇ ತನ್ನಿರಿ. ನರ್ಸರಿಗಳಲ್ಲಿ ಸಿಗುವ ಅಂಗೈಯಗಲದ ಬಣ್ಣಬಣ್ಣದ ತಳಿಗಳು ನೋಡಲು ಚೆಂದ, ಆದರೆ ಬಿಳಿ ಹಿಟ್ಟುತಿಗಣೆ ಮೊದಲು ಹುಡುಕಿಕೊಂಡು ಬರುವುದು ಅವುಗಳನ್ನೇ. ಇವೆರಡು ಗಿಡಗಳು ನಿಂತರೆ ಅತ್ತೆಯವರ ಪೂಜೆಗೆ ವರ್ಷದ ಬಹುಪಾಲು ಹೂವಿನ ಚಿಂತೆಯಿಲ್ಲ.

ಪೂರ್ವದ ಹಿತ್ತಲು ನಿಮ್ಮ ಅತ್ಯುತ್ತಮ ಜಾಗ. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ಮನೆಯ ನೆರಳು ಬೀಳುವುದರಿಂದ ದುಂಡುಮಲ್ಲಿಗೆ, ಕರಿಬೇವು ಮತ್ತು ಸೊಪ್ಪುಗಳನ್ನು ಅಲ್ಲಿಯೇ ಹಾಕಬೇಕು. ಕರಿಬೇವಿನಲ್ಲಿ ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯದ್ದೇ ಎರಡು ತಳಿಗಳಿವೆ. ಡಿಡಬ್ಲ್ಯುಡಿ-1 ಪರಿಮಳದಲ್ಲಿ ಮುಂದು, ಆದರೆ ಚಳಿಗಾಲದಲ್ಲಿ ಚಿಗುರುವುದನ್ನು ನಿಲ್ಲಿಸಿಬಿಡುತ್ತದೆ. ಡಿಡಬ್ಲ್ಯುಡಿ-2 ಚಳಿಗೆ ಅಷ್ಟಾಗಿ ಹಿಂಜರಿಯುವುದಿಲ್ಲ. ಅಡುಗೆಮನೆಗೆ ಒಂದೇ ಗಿಡ ಸಾಕೆನ್ನುವವರು ಎರಡನೆಯದನ್ನು ಕೇಳಿ ತರುವುದು ಲೇಸು. ಸೊಪ್ಪುಗಳಲ್ಲಿ ಮೆಂತೆ, ರಾಜಗಿರಿ ಮತ್ತು ಪುಂಡಿ ಹೊಸಬರ ಕೈಯಲ್ಲಿ ಕೆಡುವುದು ಕಡಿಮೆ. ಮೆಂತೆ ಒಂದು ತಿಂಗಳೊಳಗೆ ಕೊಯ್ಲಿಗೆ ಬರುವುದರಿಂದ ಉತ್ಸಾಹವೂ ಉಳಿಯುತ್ತದೆ.

ಉತ್ತರದ ಸಂದಿಯ ಬಗೆಗೆ ಎಚ್ಚರಿಕೆ. ಹುಬ್ಬಳ್ಳಿ ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಮೇ ಮೊದಲ ವಾರದಿಂದ ಆಗಸ್ಟ್ ಎರಡನೆಯ ವಾರದವರೆಗೆ ಸೂರ್ಯ ನಡುಹಗಲಿನಲ್ಲಿ ಉತ್ತರಕ್ಕೆ ವಾಲಿರುತ್ತಾನೆ. ಈಗ ಅಲ್ಲಿ ಬೀಳುತ್ತಿರುವ ಬಿಸಿಲನ್ನು ನೋಡಿ ಬದನೆ, ಟೊಮೆಟೊ ಹಾಕಲು ಹೋಗಬೇಡಿ. ದಸರೆಯ ಹೊತ್ತಿಗೆ ಅದು ಪೂರ್ತಿ ನೆರಳಾಗುತ್ತದೆ. ಪುದೀನ, ದೊಡ್ಡಪತ್ರೆ, ವೀಳ್ಯದ ಬಳ್ಳಿ ಅಲ್ಲಿ ಚೆನ್ನಾಗಿ ಬರುತ್ತವೆ.

ಯಜಮಾನರ ತೆಂಗು ಮತ್ತು ಮಾವಿಗೆ ಕ್ಷಮೆಯಿರಲಿ, ಜಾಗವಿಲ್ಲ. ತೋಟದಲ್ಲಿ ತೆಂಗಿಗೆ ಗಿಡದಿಂದ ಗಿಡಕ್ಕೆ 25 ಅಡಿಯ ಅಂತರ ಬಿಡುತ್ತಾರೆ. ಆಪೂಸು ಧಾರವಾಡದ ಹೆಮ್ಮೆಯೇ ಆದರೂ ಐದು ಅಡಿಯ ಹಿತ್ತಲಿಗೆ ತಕ್ಕ ಮರವಲ್ಲ. ಬಿಟ್ಟುಬಿಟ್ಟು ಹಿಗ್ಗಿ ಕುಗ್ಗುವ ಎರೆನೆಲದಲ್ಲಿ ಗೋಡೆಯ ಪಕ್ಕದ ದೊಡ್ಡ ಮರ ಬೇಸಿಗೆಯ ತೇವವನ್ನೆಲ್ಲ ಹೀರಿ ತಳಪಾಯದ ಬಿರುಕಿಗೂ ದಾರಿ ಮಾಡಬಹುದು. ಹಣ್ಣು ಬೇಕೇ ಬೇಕೆಂದರೆ ಹಿತ್ತಲ ಮೂಲೆಯಲ್ಲಿ ಒಂದು ಪೇರಲ ನೆಟ್ಟು, ವರ್ಷಕ್ಕೊಮ್ಮೆ ಚಾಟನಿ ಮಾಡುತ್ತ, ಅಂದರೆ ಕೊಂಬೆಗಳನ್ನು ಸವರುತ್ತ, ಆಳೆತ್ತರದಲ್ಲಿಯೇ ಇಟ್ಟುಕೊಳ್ಳಿ. ಪೇರಲಕ್ಕೆ ಹೆಸರಾದ ನವಲೂರು ನಿಮ್ಮ ಊರಿಗೆ ಕೂಗಳತೆಯಲ್ಲಿಯೇ ಇದೆ. ನಿಂಬೆಯನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಸವುಳು ನೀರು ಅದಕ್ಕೆ ಆಗದು.

ಮಸಾರಿ, ಗದಗ

ಮೇಲಿನವರ ಮಾತುಗಳಲ್ಲಿ ಒಂದಕ್ಕೆ ನನ್ನ ಭಿನ್ನಾಭಿಪ್ರಾಯವಿದೆ. ಕಪ್ಪತಗುಡ್ಡದ ಸುತ್ತ ಮಸಾರಿ, ನರಗುಂದ–ರೋಣದ ಕಡೆ ಎರೆ ಎಂದು ನಮ್ಮ ಜಿಲ್ಲೆಯಲ್ಲಿ ಎರಡೂ ಇರುವುದರಿಂದ ಈ ವಿಚಾರ ಇಲ್ಲಿಯವರಿಗೆ ಹಳೆಯದು. ಗಟ್ಟಿ ಎರೆಯ ಮೇಲೆ ಮಸಾರಿಯನ್ನು ಬರಿದೇ ಪದರವಾಗಿ ಸುರಿದರೆ ಮೇಲಿನ ಪದರದಲ್ಲಿ ಸರಸರನೆ ಇಳಿದ ನೀರು ಎರೆ ಮುಟ್ಟಿದೊಡನೆ ನಿಂತುಬಿಡುತ್ತದೆ, ಬೇರು ಅಲ್ಲಿಯೇ ಕೊಳೆಯುತ್ತದೆ. ಆದ್ದರಿಂದ ಮಡಿ ಕಟ್ಟುವ ಮೊದಲು ಕೆಳಗಿನ ಎರೆಯನ್ನು ಸಲಿಕೆಯಾಳದಷ್ಟು ಸಡಿಲಿಸಿ, ಗೊಬ್ಬರದೊಂದಿಗೆ ಎರಡೂ ಮಣ್ಣನ್ನು ಬೆರೆಸಲೇಬೇಕು. ಎರೆಯನ್ನು ಸಡಿಲಗೊಳಿಸಲು ಬುಟ್ಟಿ ಎರಡು ಬುಟ್ಟಿ ಉಸುಕು ಹಾಕಿರೆಂದು ಯಾರಾದರೂ ಹೇಳಿದರೆ ಕೇಳಬೇಡಿ. ಅಷ್ಟರಿಂದ ಎರೆಯ ಗುಣ ಬದಲಾಗುವುದಿಲ್ಲ. ಬದಲಾಯಿಸುವಷ್ಟು ಉಸುಕು ಹಾಕುವುದು ಯಾರ ಕೈಲೂ ಆಗದು.

ಎರೆಗೆ ಒಂದು ದೊಡ್ಡ ಗುಣವೂ ಇದೆ. ಒಮ್ಮೆ ಆಳಕ್ಕೆ ನೀರು ಕುಡಿಸಿ, ಮೇಲೆ ಶೇಂಗಾ ಹೊಟ್ಟು ಇಲ್ಲವೆ ಕತ್ತರಿಸಿದ ಜೋಳದ ಕಣಿಕೆಯನ್ನು ನಾಲ್ಕು ಬೆರಳು ದಪ್ಪ ಹೊದಿಸಿದರೆ ಮಸಾರಿಗಿಂತ ಹೆಚ್ಚು ದಿನ ತೇವ ಹಿಡಿದಿಡುತ್ತದೆ. ನಿಮಗೆ ನೀರು ಬರುವುದು ಹಲವು ದಿನಗಳಿಗೊಮ್ಮೆ ಆದ್ದರಿಂದ, ಇದು ನಿಮ್ಮ ಪರವಾಗಿಯೇ ಇದೆ.

ಹೊಸಮನೆ, ಹುಬ್ಬಳ್ಳಿ

ಇಬ್ಬರಿಗೂ ಅನಂತ ಧನ್ಯವಾದಗಳು. ತೆಂಗಿನ ವಿಚಾರವನ್ನು ಯಜಮಾನರಿಗೆ ಓದಿ ಹೇಳಿದ್ದೇನೆ; ಒಪ್ಪಿದ್ದಾರೋ, ಸುಮ್ಮನಾಗಿದ್ದಾರೋ ತಿಳಿಯದು. ಇನ್ನೂ ಮೂರು ಸಂದೇಹಗಳಿವೆ. ಗುಲಾಬಿಯ ಬಗೆಗೆ ಯಾರೂ ಏನನ್ನೂ ಹೇಳಲಿಲ್ಲ. ಪಕ್ಕದ ಮನೆಯವರು ಕಾಂಪೌಂಡಿನ ಉದ್ದಕ್ಕೂ ಕಣಗಿಲೆ ಹಾಕಿಕೊಳ್ಳಿ, ನೀರೇ ಬೇಡ ಎನ್ನುತ್ತಾರೆ, ಆದರೆ ಮನೆಯಲ್ಲಿ ಮೂರು ವರ್ಷದ ಮಗುವಿದೆ. ಮಾಳಿಗೆಯ ಮೇಲೆ ಕುಂಡಗಳಿಗೆ ಅಂಗಳದ ಮಣ್ಣನ್ನೇ ತುಂಬಬಹುದೆ?

ಸಸಿಮಡಿ, ರಾಣೆಬೆನ್ನೂರು

ಅಕ್ಕಾವರಿಗೆ ನಮಸ್ಕಾರ. ಸಸಿ ಬೆಳೆಸಿ ಮಾರುವ ಕೆಲಸದಲ್ಲಿರುವುದರಿಂದ ಗುಲಾಬಿಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಮಾರುವವನೇ ಬೇಡವೆನ್ನುವುದು ವಿಚಿತ್ರವಾಗಿ ಕಂಡೀತು, ಆದರೂ ದೊಡ್ಡ ಹೂವಿನ ಕಸಿ ಗುಲಾಬಿಯನ್ನು ಮೊದಲ ವರ್ಷ ತರಬೇಡಿ. ಮಳೆಗಾಲದಲ್ಲಿ ಎಲೆಗೆ ಕಪ್ಪು ಚುಕ್ಕೆ, ಬೇಸಿಗೆಯಲ್ಲಿ ಮೊಗ್ಗಿಗೆ ನುಸಿ, ವರ್ಷಕ್ಕೊಮ್ಮೆ ಚಾಟನಿ ಎಂದು ಅದು ನಿಮ್ಮ ಬೆಳಗಿನ ಅರ್ಧ ತಾಸನ್ನು ಒಂದೇ ನುಂಗಿಬಿಡುತ್ತದೆ. ಇದಲ್ಲದೆ ಕಸಿಯ ಗಂಟಿನ ಕೆಳಗಿನಿಂದ ಬೇರುಗಿಡದ (ಕಸಿ ಕಟ್ಟಲು ಬುಡವಾಗಿ ಬಳಸಿದ ಕಾಡುಗುಲಾಬಿಯ) ಚಿಗುರುಗಳು ಎದ್ದಾಗ ಹೊಸಬರು ಗಿಡ ಚೆನ್ನಾಗಿ ಬಂದಿತೆಂದು ಹಿಗ್ಗುತ್ತಾರೆ. ಮರುವರ್ಷ ಕಸಿ ಒಣಗಿ, ಮುಳ್ಳಿನ ಬೇರುಗಿಡ ಮಾತ್ರ ಉಳಿಯುತ್ತದೆ. ಗುಲಾಬಿ ಬೇಕೇ ಬೇಕಿದ್ದರೆ ಪರಿಮಳದ ನಾಟಿ ಗುಲಾಬಿಯ ಕಡ್ಡಿಯೊಂದನ್ನು ಪರಿಚಯದವರಿಂದ ತಂದು ಪೂರ್ವದ ಹಿತ್ತಲಲ್ಲಿ ಊರಿರಿ. ಅದು ತನ್ನ ಬೇರಿನ ಮೇಲೆಯೇ ಬೆಳೆಯುವುದರಿಂದ ಈ ತೊಡಕಿಲ್ಲ.

ಬಣ್ಣ ಬೇಕೆಂದರೆ ಸೇವಂತಿಗೆ ಮತ್ತು ಚೆಂಡುಹೂವು ಇವೆಯಲ್ಲ. ಜೂನ್–ಜುಲೈನಲ್ಲಿ ಸೇವಂತಿಗೆಯ ಮರಿಗಳನ್ನು ನೆಟ್ಟರೆ, ಹಗಲು ಕಿರಿದಾಗುತ್ತ ಬಂದಂತೆ ಮೊಗ್ಗು ಕಟ್ಟಿ ದೀಪಾವಳಿಯ ಆಸುಪಾಸಿನಲ್ಲಿ ಅರಳುತ್ತದೆ. ಮುಂದಿನ ಪಟ್ಟಿಗೆ ಬೀದಿದೀಪದ ಬೆಳಕು ರಾತ್ರಿಯಿಡೀ ಬೀಳುತ್ತದೆಯೇ ನೋಡಿಕೊಳ್ಳಿ. ಬಿದ್ದರೆ ಗಿಡಕ್ಕೆ ರಾತ್ರಿ ದೀರ್ಘವಾದದ್ದು ತಿಳಿಯದೆ ಹೂವು ತಡವಾಗುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಗೊಬ್ಬರ ಹಾಕಿಲ್ಲವೆಂದು ಸಸಿಯವನನ್ನು ಬೈಯುವ ಮೊದಲು ದೀಪದ ಕಂಬವನ್ನು ನೋಡಿರೆಂದು ನಾನು ಗಿರಾಕಿಗಳಿಗೆ ಹೇಳುವುದುಂಟು.

ಸಸಿ ಆರಿಸುವಾಗ ತುಂಬ ಹೂವಿರುವುದಕ್ಕೆ ಮರುಳಾಗದೆ, ಕುಳ್ಳಗೆ ಗಟ್ಟಿಯಾಗಿ, ಬುಡದಿಂದಲೇ ಕವಲೊಡೆದಿರುವುದನ್ನು ಎತ್ತಿಕೊಳ್ಳಿ. ಚೀಲದ ತಳದಿಂದ ದಪ್ಪ ಬೇರು ಹೊರಬಿದ್ದಿದ್ದರೆ ಅದು ಬಹುಕಾಲ ಚೀಲದಲ್ಲಿಯೇ ಸಿಕ್ಕಿಹಾಕಿಕೊಂಡ ಗಿಡ. ಎಲೆಯ ಅಡಿಭಾಗವನ್ನು ತಿರುಗಿಸಿ ನೋಡಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಹಿಟ್ಟುತಿಗಣೆ, ಬಿಳಿನೊಣ ಎರಡೂ ಇರುವುದು ಅಲ್ಲಿಯೇ.

ಹಿತ್ತಲಗಿಡ, ಧಾರವಾಡ

ಗದಗಿನವರ ತಿದ್ದುಪಡಿ ಸರಿಯಾಗಿದೆ, ಬೆರೆಸಿಯೇ ಮಡಿ ಕಟ್ಟಿಸಿರಿ.

ಕಣಗಿಲೆ ನಿಮ್ಮ ಮಣ್ಣಿಗೂ ನೀರಿಗೂ ಹೇಳಿ ಮಾಡಿಸಿದ ಗಿಡವೆಂಬುದು ನಿಜ. ಆದರೆ ಅದರ ಎಲೆ, ಹೂವು, ಕಾಂಡ, ಬೇರು ಎಲ್ಲವೂ ಹೃದಯದ ಬಡಿತವನ್ನೇ ಕೆಡಿಸುವ ವಿಷ. ಸಿಕ್ಕಿದ್ದನ್ನು ಬಾಯಿಗಿಡುವ ವಯಸ್ಸಿನ ಮಗು ಇರುವ ಮನೆಗೆ ಅದು ಬೇಡ. ಹಳದಿ ಕಣಗಿಲೆಯ ಕಾಯಿಯೂ ಅಷ್ಟೇ ಅಪಾಯದ್ದು. ಮನೆಯೊಳಗೆ ಇಡುವ, ಎಲೆಯ ಮೇಲೆ ಬಿಳಿ ಚುಕ್ಕೆಗಳಿರುವ ಡೈಫನ್‌ಬೇಕಿಯಾವನ್ನೂ ಸದ್ಯಕ್ಕೆ ತರಬೇಡಿ. ಕಾಂಪೌಂಡಿನ ಉದ್ದಕ್ಕೂ ನಂದಿಬಟ್ಟಲನ್ನೇ ಮೂರು ಅಡಿಗೊಂದರಂತೆ ಹಾಕುತ್ತ ಹೋದರೆ ಎರಡು ವರ್ಷಗಳಲ್ಲಿ ಬೇಲಿಯಾಗುತ್ತದೆ, ನೆಲಕ್ಕೆ ಹೊದಿಕೆಯೂ ಆಗುತ್ತದೆ. ಅದರ ಹಾಲನ್ನೂ ಮಗುವಿನ ಕಣ್ಣು, ಬಾಯಿಗೆ ತಾಗಗೊಡದಿದ್ದರೆ ಸಾಕು.

ಕುಂಡಕ್ಕೆ ಎರೆಮಣ್ಣು ಸರ್ವಥಾ ಬೇಡ. ಒಣಗಿದಾಗ ಅದು ಕುಂಡದ ಗೋಡೆಯನ್ನು ಬಿಟ್ಟು ಒಳಕ್ಕೆ ಸರಿಯುತ್ತದೆ. ಆಗ ನೀವು ಹಾಕಿದ ನೀರು ಆ ಸಂದಿಯಲ್ಲಿ ಇಳಿದು ತಳದ ತೂತಿನಿಂದ ಹೊರಹೋಗುತ್ತದೆ, ನಡುವಿನ ಮಣ್ಣು ಒಣಗಿಯೇ ಇರುತ್ತದೆ. ಎರಡು ಪಾಲು ಮಸಾರಿ, ಒಂದು ಪಾಲು ಗೊಬ್ಬರ, ಒಂದು ಪಾಲು ಕೋಕೋಪೀಟ್ ಬೆರೆಸಿಕೊಳ್ಳಿ. ಕುಂಡದ ಗಿಡಗಳಿಗೆ ನಳದ ನೀರು ಇಲ್ಲವೆ ಶೇಖರಿಸಿದ ಮಳೆನೀರು ಮಾತ್ರ ಇರಲಿ, ಏಕೆಂದರೆ ಅಂಗಳದಲ್ಲಾದರೆ ಮಳೆಗಾಲ ಉಪ್ಪನ್ನು ತೊಳೆದುಹಾಕುತ್ತದೆ, ಕುಂಡದಲ್ಲಿ ಅದು ಉಳಿದುಕೊಳ್ಳುತ್ತದೆ. ಕುಡಿಯುವ ನೀರಿನ ಶುದ್ಧೀಕರಣ ಯಂತ್ರದಿಂದ ಹೊರಬರುವ ನೀರನ್ನು ವ್ಯರ್ಥವಾಗಬಾರದೆಂದು ಗಿಡಕ್ಕೆ ಸುರಿಯುವವರು ಬಹಳ ಮಂದಿ. ನಿಮ್ಮ ಬೋರ್‌ವೆಲ್ ನೀರಿನ ಉಪ್ಪೇ ಅದರಲ್ಲಿ ಇನ್ನಷ್ಟು ಗಟ್ಟಿಯಾಗಿರುವುದರಿಂದ ಅದನ್ನು ನೆಲ ಒರೆಸಲು ಬಳಸಿರಿ.

ರೋಹಿಣಿ ಮಳೆ ಆರಂಭವಾಗುವುದರೊಳಗೆ ಅಗೆತ, ಮಡಿ ಎರಡೂ ಮುಗಿಯಲಿ. ಮೃಗಶಿರ ಹಿಡಿದು ನೆಲ ಹದವಾದ ಮೇಲೆ ದಾಸವಾಳ, ನಂದಿಬಟ್ಟಲು, ಕರಿಬೇವು, ಮಲ್ಲಿಗೆ ಇವಿಷ್ಟನ್ನೇ ನೆಟ್ಟು, ಗಾಳಿಗೆ ಅಲುಗದಂತೆ ಕೋಲು ಕಟ್ಟಿರಿ. ಪೇರಲವನ್ನು ಆರಿದ್ರಾ ಮಳೆಗೆ ನೆಟ್ಟರೂ ತಡವಾಗದು. ಮೆಂತೆಯನ್ನು ಮಾತ್ರ ಈ ಜೋರು ಮಳೆಗಳೆಲ್ಲ ಇಳಿದ ಮೇಲೆ, ಗಣಪತಿ ಹಬ್ಬ ಕಳೆದು, ಬಿತ್ತಿರಿ.