ಗ್ಲೌಸು ಬೇಡ ಕಣವ್ವ

ಹಲೋ... ಹಲೋ. ಮೈಕಿನ ಗುರುತು ಒತ್ತಿ ಮೇಲಕ್ಕೆ ಎಳೆದಿದ್ದೀನಿ, ಗೆರೆ ಓಡ್ತಾ ಅದೆ. ಕೇಳಿಸುತ್ತೆ ಅನ್ಕೋತೀನಿ.

ಪುಟ್ಟಿ, ನಮ್ಮ ಮನೆಯೋರ ಗ್ರೂಪಲ್ಲಿ ನಿನ್ನ ಮೆಸೇಜು ಬೆಳಿಗ್ಗೆ ನೋಡ್ದೆ. ನಿನ್ನ ಮಗ ಕೂಡಿಟ್ಟ ದುಡ್ಡಲ್ಲಿ ಅದೇನೋ ಸ್ಕ್ರೋಲ್ ಸಾ ಅಂತೆ, ಸಣ್ಣ ಗರಗಸದ ಮಿಷನ್ನು, ತರಿಸ್ಕೊಂಡವ್ನೆ, ಮರದ ಆನೆ ಕುದುರೆ ಕುಯ್ದು ಪಾಪುಗೆ ಕೊಡ್ತಾನಂತೆ, ಎಂಟನೇ ಕ್ಲಾಸಿನ ಹುಡುಗ, ಬೆರಳು ಹೋದ್ರೆ ಏನು ಗತಿ, ಅವನ ಕೈಗೆ ಕೊಡಬಹುದಾ, ದಪ್ಪ ಗ್ಲೌಸು ತಂದಿಟ್ಟಿದ್ದೀನಿ ಸಾಕಾ ದೊಡ್ಡಮ್ಮ ಅಂತ ಕೇಳಿದ್ದೀಯ. ಅದಕ್ಕೆ ಮಂಡ್ಯದ ಮಾವ ಕೈ ಮುಗಿಯೋ ಬೊಂಬೆ ಹಾಕವ್ರೆ. ಮೈಸೂರವಳು ಗ್ಲೌಸು ಹಾಕ್ಸಿದ್ರೆ ಏನೂ ಆಗಲ್ಲ ಬಿಡು ಅಂದವ್ಳೆ. ಅವಳು ತೆಂಗಿನಕಾಯಿ ತುರಿಯೋ ಮಣೆ ಬಿಟ್ಟು ಬೇರೆ ಯಾವ ಹಲ್ಲಿನ ಮುಂದೆ ಕೂತವ್ಳೆ?

ಗ್ಲೌಸು ಬೇಡ ಕಣವ್ವ. ಮಿಷನ್ನು ಇರ್ಲಿ, ಗ್ಲೌಸು ತೆಗೆದು ಬೀರು ಮೇಲಿಡು.

ನನ್ನ ಎಡಗೈ ಉಂಗುರದ ಬೆರಳು ನೀವೆಲ್ಲ ನೋಡಿದ್ದೀರ. ಚಿಕ್ಕೋರಿದ್ದಾಗ ದೊಡ್ಡಮ್ಮನ ಕೊಕ್ಕೆ ಬೆರಳು ಅಂತ ಹಿಡಿದು ಜೋತಾಡ್ತಿದ್ರಿ. ಬಾವಿ ರಾಟೆಗೆ ಸಿಕ್ಕಿ ಹಂಗಾಯ್ತು ಅಂತ ನಿಮ್ಮಜ್ಜಿ ಹೇಳ್ಕೊಂಡು ಬಂದ್ರಲ್ಲ, ಅದು ಸುಳ್ಳು. ಸೊಸೆ ಲೇತಿನ ಮುಂದೆ, ಅದೇ ಮರ ತಿರುಗಿಸಿ ಬೊಂಬೆ ಕಡೆಯೋ ಮಿಷನ್ನಿನ ಮುಂದೆ, ಕೂರ್ತಾಳೆ ಅಂತ ನೆಂಟರಿಗೆ ಗೊತ್ತಾಗಬಾರದು ಅಂತ ಕಟ್ಟಿದ ಕಥೆ. ಚನ್ನಪಟ್ಟಣದಲ್ಲಿದ್ದುಕೊಂಡು ಲೇತು ಮುಟ್ಟಿದ್ರೆ ಮರ್ಯಾದೆ ಹೋಗುತ್ತೆ ಅಂದ್ರೆ ಹೆಂಗೆ ಹೇಳಿ? ಬೆಳಿಗ್ಗೆ ಎದ್ರೆ ಕಿವಿಗೆ ಬೀಳ್ತಿದ್ದಿದ್ದೇ ಆ ಗುಂಯ್ ಅನ್ನೋ ಸದ್ದು.

ನಾನೇನು ಹೊಟ್ಟೆಪಾಡಿಗೆ ಮಾಡ್ತಿರಲಿಲ್ಲ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಕೊಟ್ಟಿಗೆ ಪಕ್ಕದ ಮಾಡಿನ ಕೆಳಗೆ ಕೂತು ಬುಗುರಿ, ಗಿಲಕಿ ತಿರುಗಿಸ್ತಿದ್ದೆ. ಆಲೆ ಮರ. ಹಾಲಿನ ಬಿಳುಪು, ಒಣಗಿದ್ದು ಕೈಗೆ ಬಂದ್ರೆ ಬೆಣ್ಣೆ ಕುಯ್ದಂಗೆ ಬರುತ್ತೆ, ಹಸಿ ಇದ್ರೆ ಆಮೇಲೆ ಬಿರುಕು. ತಿರುಗೋ ಮರಕ್ಕೆ ಅರಗಿನ ಕಡ್ಡಿ ಒತ್ತಿದ್ರೆ ಉಜ್ಜೋ ಬಿಸಿಗೇ ಕರಗಿ ಹತ್ಕೊಳ್ಳುತ್ತೆ, ಕುಂಚ ಬೇಕಿಲ್ಲ. ಮೇಲೆ ಕೇದಗೆ ಗರಿ ಒತ್ತಿ ಹಿಡಿದ್ರೆ ಮುಖ ಕಾಣೋ ಹೊಳಪು. ಆ ಬಿಸಿ ಅರಗಿನ ವಾಸನೆ ಈಗಲೂ ಮೂಗಲ್ಲದೆ ನಂಗೆ.

ಸರಿ, 1994ರ ಕಾರ್ತಿಕ. ಗ್ಲೌಸು ತಂದುಕೊಟ್ಟಿದ್ದು ಯಾರು ಗೊತ್ತಾ? ನಿಮ್ಮಪ್ಪ. ಆಗ ಪೀಣ್ಯದಲ್ಲಿ ಕೆಲಸಕ್ಕಿದ್ರಲ್ಲ, ಅತ್ತಿಗೆ, ನಿಮ್ಮ ಕೈ ಒರಟಾಗ್ತಾ ಅದೆ, ಹಾಕ್ಕೊಳ್ಳಿ ಅಂತ ಹತ್ತಿ ನೂಲಿನ ಬಿಳಿ ಗ್ಲೌಸು ಒಂದು ಜೊತೆ ತಂದ್ರು. ಪ್ರೀತಿಯಿಂದ ತಂದಿದ್ದು. ನಾನೂ ಹಿಗ್ಗಿಬಿಟ್ಟೆ. ಆವತ್ತು ಗಿಲಕಿಗೆ ಉಪ್ಪುಕಾಗದ ಹಿಡಿದು ನುಣುಪು ಮಾಡ್ತಿದ್ದೆ. ಗ್ಲೌಸಿನ ತುದೀಲಿ ಒಂದು ನೂಲು ಬಿಚ್ಕೊಂಡಿತ್ತು. ಒಂದೇ ಒಂದು ನೂಲು. ಅದು ಮರಕ್ಕೆ ಸುತ್ಕೊಳ್ತು, ನೂಲಿನ ಹಿಂದೆ ಬೆರಳು, ಬೆರಳಿನ ಹಿಂದೆ ಕೈ. ಬರಿಗೈ ಆಗಿದ್ರೆ ಚರ್ಮ ತರಚಿ ಕೈ ಹಿಂದಕ್ಕೆ ಬಂದ್ಬಿಡ್ತಿತ್ತು. ಗ್ಲೌಸು ಬಿಡಲಿಲ್ಲ. ಕಿರುಚಿದ್ನೋ ಇಲ್ವೋ ಜ್ಞಾಪಕ ಇಲ್ಲ, ಕೊಟ್ಟಿಗೇಲಿ ಹಸು ಎದ್ದು ನಿಂತಿದ್ದು ಜ್ಞಾಪಕ ಅದೆ.

ಅಷ್ಟರಲ್ಲಿ ಮಿಷನ್ನು ನಿಂತೋಯ್ತು. ತಾವೇ ಓಡಿ ಬಂದು ಸ್ವಿಚ್ಚು ಆರಿಸಿದ್ದು ಅಂತ ನಿಮ್ಮ ದೊಡ್ಡಪ್ಪ ಕೊನೇವರೆಗೂ ಹೇಳ್ತಿದ್ರು. ಅಲ್ಲ. ಮೂರು ಗಂಟೆಗೆ ಲೋಡ್ ಶೆಡ್ಡಿಂಗ್, ಕರೆಂಟು ಹೋಯ್ತು. ಪಕ್ಕದ ಮನೆ ಲೇತೂ ನಿಂತಿದ್ದು ನನ್ನ ಕಿವಿಗೆ ಕೇಳಿಸ್ತು. ಕರೆಂಟಿನೋರಿಗೆ ನಾನು ಬೈಯದೇ ಇದ್ದಿದ್ದು ಅವತ್ತೊಂದೇ ದಿನ. ಬೆರಳು ಊದಿ, ಉಂಗುರ ಈಚೆಗೆ ಬರದೆ ಅಕ್ಕಸಾಲಿಗರನ್ನ ಕರೆಸಿ ಕತ್ತರಿಸಿದ್ರು. ಮೂಳೆ ಎರಡು ಕಡೆ ಮುರಿದಿತ್ತು. ನಿಮ್ಮಪ್ಪ ಆರು ತಿಂಗಳು ನನ್ನ ಮುಖ ನೋಡಿ ಮಾತಾಡಲಿಲ್ಲ, ಪಾಪ. ಇದನ್ನ ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಈಗ ಅವರೂ ಇಲ್ಲ, ನಿಮ್ಮಜ್ಜೀನೂ ಇಲ್ಲ.

ಲೇತು ತಿರುಗೋದು, ನಿನ್ನ ಮಗನ ಮಿಷನ್ನು ಮೇಲೆ ಕೆಳಗೆ ಆಡೋದು, ಎರಡೂ ಒಂದೇನಾ ಅಂತ ನಿನ್ನ ಗಂಡ ಇಂಜಿನಿಯರು ವಾದ ತೆಗೀತಾರೆ, ನಂಗೊತ್ತು. ಒಂದೇ ಅಲ್ಲ. ಇದು ಲೇತಿನಷ್ಟು ರಾಕ್ಷಸ ಅಲ್ಲ, ನಾನೂ ಒಪ್ತೀನಿ. ಆದ್ರೆ ಗರಗಸದ ಹಲ್ಲಿಗೆ ಬಟ್ಟೆ ಸಿಕ್ಕಿದ್ರೆ ಅದೂ ಎಳೆಯುತ್ತೆ. ದಪ್ಪ ಗ್ಲೌಸು ಹಾಕಿದ ಬೆರಳಿಗೆ ಮರ ಅದುರೋದು ತಿಳಿಯಲ್ಲ, ಬ್ಲೇಡು ಎಷ್ಟು ಹತ್ರ ಅದೆ ಅನ್ನೋ ಅಂದಾಜೂ ಸಿಗಲ್ಲ. ಹುಡುಗನಿಗೆ ಕೈಗೆ ರಕ್ಷಣೆ ಅದೆ ಅನ್ನೋ ಧೈರ್ಯ ಬೇರೆ ಬಂದ್ಬಿಡುತ್ತೆ. ಇನ್ನೊಂದು ಸಲ ಹೇಳ್ತೀನಿ ಕೇಳು, ಮೈಸೂರವಳೂ ಕೇಳಿಸ್ಕೊಳ್ಳಲಿ: ಓಡೋ ಮಿಷನ್ನಿನ ಮುಂದೆ ಗ್ಲೌಸು ಬೇಡ. ಅವನ ಕೈಯಲ್ಲಿ ದೇವಸ್ಥಾನದ ಕೆಂಪು ದಾರ ಕಟ್ಟಿರ್ತೀಯಲ್ಲ, ಅದೂ ಬೇಡ. ಉದ್ದ ತೋಳಿನ ಅಂಗಿ ಬೇಡ.

ಬೆರಳು ವಾಸಿಯಾದ ಮೇಲೂ ನಾನು ಲೇತು ಬಿಟ್ಟಿದ್ನಾ? ಇಲ್ಲ. ಬಿಡಿಸಿದ್ದು ಬೆರಳಲ್ಲ, ಮನೆಯೋರು. ನಾನು ಮಗಳ ಬಾಣಂತನಕ್ಕೆ ಹಾಸನಕ್ಕೆ ಹೋಗಿ ಮೂರು ತಿಂಗಳಾದ ಮೇಲೆ ಬಂದು ನೋಡ್ತೀನಿ, ಮಾಡಿನ ಕೆಳಗೆ ಸ್ಕೂಟರು ನಿಂತದೆ. ಲೇತು ಗುಜರಿಗೆ ಹೋಗಿತ್ತು, ಕೆಜಿ ಲೆಕ್ಕದಲ್ಲಿ. ಮಾರಿದೋರು ಈ ಗ್ರೂಪಲ್ಲೇ ಅವ್ರೆ, ದಿನಾ ಗುಡ್ ಮಾರ್ನಿಂಗ್ ಹೂವು ಕಳಿಸ್ತಾರೆ, ಹೆಸರು ಹೇಳಲ್ಲ. ಹೋಗ್ಲಿ, ಲೇತು ಕಬ್ಬಿಣ. ಉಳಿಗಳನ್ನಾದ್ರೂ ಎತ್ತಿಡಬಾರದಿತ್ತಾ? ನನ್ನ ಕೈಗೆ ಪಳಗಿದ್ದ ಆರು ಉಳಿ! ಕೇಳಿದ್ರೆ, ಬೆರಳು ಮುರ್ಕೊಂಡಿದ್ದು ಸಾಲದಾ ಅತ್ತಿಗೆ ಅಂತ ನನಗೇ ತಿರುಗಿಸಿ ಹೇಳಿದ್ರು.

ನಾಮಕರಣಕ್ಕೆ ನಾನು ಕೊಟ್ಟ ಬೊಂಬೆಗಳೆಲ್ಲ ಎಲ್ಲವ್ರ ಮನೇಲೂ ಶೋಕೇಸಲ್ಲಿ ಕೂತವೆ. ಮಕ್ಕಳ ಕೈಗೆ ಕೊಟ್ಟಿರೋದು ಪ್ಲಾಸ್ಟಿಕ್ಕು, ಬಟನ್ ಒತ್ತಿದ್ರೆ ಕಿರುಚೋದು. ಆಟದ ಸಾಮಾನಪ್ಪ ಅದು, ಆಡೋಕೆ ಕೊಡಿ. 2023ರಲ್ಲಿ ಹೊಸ ಹೈವೇ ಆದಾಗಿಂದ ನೀವ್ಯಾರೂ ಊರೊಳಕ್ಕೇ ಬರಲ್ಲ, ಬೈಪಾಸಲ್ಲಿ ಸುಂಯ್ ಅಂತ ಮೈಸೂರಿಗೆ. ಹಳೇ ರಸ್ತೇಲಿ ಬೊಂಬೆ ಅಂಗಡಿಯೋರು ನೊಣ ಓಡಿಸ್ತಾ ಕೂತವ್ರೆ. ಮೊದಲಾದ್ರೆ ಒಂದು ಕಾಫಿಗೆ ಅಂತಾದ್ರೂ ಇಳೀತಿದ್ರಿ, ನಮ್ಮ ಮನೆಗೂ ಒಂದು ಹೆಜ್ಜೆ... ಇರ್ಲಿ ಬಿಡಿ.

ಅಯ್ಯೋ, ಕುಕ್ಕರ್ ಕೂಗ್ತು. ಆರಿಸಿ ಬಂದೆ ಇರು.

ಹ್ಞಾಂ. ಏನು ಕೇಳಿದ್ದೆ ನೀನು? ಹುಡುಗನ ಕೈಗೆ ಮಿಷನ್ನು ಕೊಡಬಹುದಾ ಅಂತ. ಕೊಡು, ಪಕ್ಕದಲ್ಲಿ ಒಬ್ಬರು ದೊಡ್ಡೋರು ಕೂತ್ಕೊಳ್ಳಿ. ನಿನ್ನೆ ಮೊಮ್ಮಗ ಅದರದ್ದೊಂದು ವಿಡಿಯೋ ತೋರಿಸ್ದ. ನೋಡಿದ್ರೆ ಹೊಲಿಗೆ ಮಿಷನ್ನೇ ಕಣೆ, ಸೂಜಿ ಬದಲು 5 ಇಂಚಿನ ಗರಗಸದ ಎಳೆ. ಬಟ್ಟೆ ಒತ್ತಿ ಹಿಡಿಯೋ ಕಾಲು ಇರುತ್ತಲ್ಲ, ಇದಕ್ಕೂ ಹಂಗೇ ಒಂದದೆ, ಅದು ಹಲಗೆ ಮೇಲೆ ಕೂತಿರಬೇಕು. ಎತ್ತಿಬಿಟ್ರೆ ಹಲಗೆ ಬ್ಲೇಡಿನ ಜೊತೆ ಎದ್ದೆದ್ದು ಕುಣಿಯುತ್ತೆ, ಹುಡುಗ ಹೆದರಿ ಬೆರಳು ಒಳಗೆ ಹಾಕ್ತಾನೆ. ಬ್ಲೇಡಿನ ಹಲ್ಲು ಕೆಳಮುಖ ಇರಬೇಕು. ತಲೆಕೆಳಗಾಗಿ ಹಾಕಿದ್ರೂ ಅದೇ ಕುಣಿತ. ಕಣ್ಣಿಗೆ ಕಾಣದಿದ್ರೆ ಉಗುರಿನ ಬೆನ್ನಲ್ಲಿ ಮೆಲ್ಲಗೆ ಸವರಿ ನೋಡ್ಲಿ, ಪ್ಲಗ್ಗು ಕಿತ್ತಾದ ಮೇಲೆ. ಬ್ಲೇಡು ಬದಲಾಯಿಸುವಾಗಲೂ ಪ್ಲಗ್ಗು ಗೋಡೆಯಿಂದ ಈಚೆಗೆ ಬಂದಿರಬೇಕು, ಬರೀ ಸ್ವಿಚ್ಚು ಸಾಲದು.

ಮೊದಲು ತೆಳ್ಳಗಿನ ಮೆದು ಹಲಗೇಲಿ ನೆಟ್ಟಗೆ ಗೆರೆ ಕುಯ್ಯಲಿ, ನಿಧಾನದ ಸ್ಪೀಡಿಟ್ಟು. ಆಮೇಲೆ ಬಾಗು, ಆಮೇಲೆ ಆನೆ. ಹಲಗೆ ನೂಕಬಾರದು, ಬ್ಲೇಡು ತಿಂದಷ್ಟೇ ಕೊಡಬೇಕು. ನೂಕಿದ್ರೆ ಪಟ್ ಅಂತ ಮುರಿಯುತ್ತೆ. ಬೆರಳು ಬ್ಲೇಡಿನ ಎರಡು ಪಕ್ಕ ಇರ್ಲಿ, ನೇರ ಎದುರಿಗೆ ಬೇಡ. ಆನೆ ಮೈಯೊಳಗೆ ಸುತ್ತ ಮುಚ್ಚಿದ ಸಂದು ತೆಗೀಬೇಕಂದ್ರೆ ಮೊದಲು ತೂತು ಕೊರೆದು ಬ್ಲೇಡು ಪೋಣಿಸ್ಕೋಬೇಕು, ಅದನ್ನ ಅವನೇ ಕಲೀತಾನೆ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕು. ಮೈಸೂರವಳು ಬೀಟೆ ಮರದ ಚೂರು ಕಳಿಸ್ತೀನಿ ಅಂದವ್ಳಲ್ಲ, ಈಗಲೇ ಬೇಡ. ಅದರ ಧೂಳು ಕೆಲವರಿಗೆ ಮೈಯೆಲ್ಲ ತುರಿಕೆ, ಸೀನು.

ಪಾಪುಗೆ ಕೊಡೋದಾದ್ರೆ ಇನ್ನೆರಡು ಮಾತು. ಹಳೇ ಕ್ಯಾಮೆರಾದ ಫಿಲಂ ರೀಲಿನ ಸಣ್ಣ ಡಬ್ಬಿ ಇದ್ರೆ ಹುಡುಕು, ಅದರೊಳಕ್ಕೆ ಇಳಿಯೋ ಅಷ್ಟು ಸಣ್ಣ ತುಂಡು ಯಾವುದೂ ಮೂರು ವರ್ಷದೊಳಗಿನ ಮಗುವಿನ ಕೈಗೆ ಹೋಗಬಾರದು, ಗಂಟಲಿಗೆ ಸಿಗುತ್ತೆ. ಗೇಟಿಗೆ ಹೊಡೆದು ಉಳಿದ ಹಳೇ ಪೇಂಟಿನ ಡಬ್ಬ ನಿಮ್ಮ ಅಟ್ಟದಲ್ಲಿ ಅದೆ, ನಾನೇ ನೋಡಿದ್ದೀನಿ. ಅದನ್ನ ಮುಟ್ಟಬೇಡಿ. ಹಳೇ ಪೇಂಟಲ್ಲಿ ಸೀಸ ಇರ್ತಿತ್ತು, ಅದಕ್ಕೆ ಬಿಗಿ ಕಾನೂನು ಬಂದಿದ್ದೇ 2017ರಲ್ಲಿ. ಮಗು ಆನೆ ಸೊಂಡಿಲು ಚೀಪದೇ ಬಿಡುತ್ತಾ? ಬಣ್ಣಾನೇ ಬೇಡ, ಉಪ್ಪುಕಾಗದ ಹಾಕಿ ನುಣುಪು ಮಾಡಿ ಹಂಗೇ ಕೊಡ್ಲಿ.

ದಸರಾ ರಜೇಲಿ ಹುಡುಗನ್ನ ಮಿಷನ್ ಸಮೇತ ಇಲ್ಲಿಗೆ ಕರ್ಕೊಂಡು ಬಾ, ಹಳೇ ರಸ್ತೇಲಿ ಬಾ. ಆಲೆ ಮರದ ಹಲಗೆ ನಾನು ಹೇಳಿ ತರಿಸಿ ಇಟ್ಟಿರ್ತೀನಿ.

ಬರುವಾಗ ಆ ಗ್ಲೌಸು ತಗೊಂಡು ಬಾ. ಗುಲಾಬಿ ಗಿಡ ಸವರೋಕೆ ನಂಗೆ ಬೇಕು.