ವಿಆರ್‌ಎಲ್ ಲಾರಿ ಸಾಗಣೆ ಕಂಪನಿಯ ಹಳೇ ದಿನಗಳ ಬಗ್ಗೆ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಗದಗ, ಹುಬ್ಬಳ್ಳಿ ಕಡೆಯ ಹಿರಿಯರು ದಯವಿಟ್ಟು ಓದಿ.

ಲಾರಿ ಸಾಗಣೆಯ ಇತಿಹಾಸ ಬರೀತಾ ಇದ್ದೇನೆ. ವಿಜಯ ಸಂಕೇಶ್ವರರು 1976ರಲ್ಲಿ ಗದಗದಲ್ಲಿ ಒಂದೇ ಲಾರಿಯಿಂದ ಈ ಕಂಪನಿ ಶುರು ಮಾಡಿದ್ದು, ಮನೆಯ ಪ್ರಿಂಟಿಂಗ್ ಪ್ರೆಸ್ ಕೆಲಸ ಬಿಟ್ಟು ಈ ದಾರಿ ಹಿಡಿದಿದ್ದು ಎಲ್ಲರಿಗೂ ಗೊತ್ತು. ಆಮೇಲೆ ಬಸ್ಸು, ಪತ್ರಿಕೆ, 2015ರಲ್ಲಿ ಷೇರುಪೇಟೆ. ಇದೆಲ್ಲ ಸುಲಭವಾಗಿ ಸಿಗುತ್ತದೆ, ನನಗೆ ಬೇಕಿರುವುದು ಇದಲ್ಲ.

ನನಗೆ ಬೇಕಿರುವುದು ಪಾರ್ಸಲ್ ಕಥೆ. ಪೂರ್ತಿ ಲಾರಿ ಬಾಡಿಗೆ ಕೊಡಲಾಗದ ಸಣ್ಣ ಅಂಗಡಿಯವರ ಎರಡು ಮೂಟೆ, ನಾಲ್ಕು ಡಬ್ಬಿ ಸೇರಿಸಿ ಒಂದು ಲೋಡು ಮಾಡುವುದು ಸುಮ್ನೆ ಮಾತಲ್ಲ. ಯಾವ ಊರಿನ ಮಾಲು ಮೊದಲು ಇಳಿಯಬೇಕು ಅಂತ ನೋಡಿಕೊಂಡೇ ತುಂಬಬೇಕು, ಅಲ್ವಾ? ಆಗ ಮೊಬೈಲ್ ಬೇರೆ ಇರಲಿಲ್ಲ. ಲಾರಿ ಎಲ್ಲಿದೆ ಅಂತ ಗೊತ್ತಾಗುತ್ತಿದ್ದದ್ದು ಹೇಗೆ?

ಎಂಬತ್ತರ ದಶಕದ ಎಲ್‌ಆರ್ ಚೀಟಿ (ಮಾಲು ಬುಕ್ ಮಾಡಿದಾಗ ಕೊಡುವ ಲಾರಿ ರಸೀದಿ), ಗೋಡೌನ್ ಫೋಟೋ ಯಾರ ಹತ್ತಿರವಾದರೂ ಇದೆಯಾ? ಆಗಿನ ಡ್ರೈವರ್, ಕ್ಲೀನರ್, ಬುಕಿಂಗ್ ಗುಮಾಸ್ತರು, ಅದರಲ್ಲೂ ಹಮಾಲರು ಯಾರಾದರೂ ಪರಿಚಯ ಇದ್ದರೆ ತಿಳಿಸಿ. ಮಾಲೀಕರ ಮಾತು ಎಲ್ಲ ಕಡೆ ಇದೆ, ಮೂಟೆ ಹೊತ್ತವರದ್ದು ಎಲ್ಲೂ ಇಲ್ಲ. ನಾನೇ ಬಂದು ಮಾತಾಡಿಸುತ್ತೇನೆ. ಚೀಟಿ ಹರಿದಿದ್ದರೂ ಪರವಾಗಿಲ್ಲ.