ಪೋಕರ್ ಕಂಪನಿ ಎಲೆ ಹಿಡಿಯೋದೇ ಇಲ್ಲ, ದುಡ್ಡು ಮಾಡೋದು ಹೇಗೆ?

ಪ್ರಶ್ನೆ – ಕುತೂಹಲಿ_ಹಾಸನ

ಆನ್‌ಲೈನ್ ಪೋಕರ್‌ನಲ್ಲಿ ಆಟಗಾರರು ಆಡೋದು ಅವರವರ ನಡುವೆ. ಒಬ್ಬ ಸೋತಿದ್ದು ಇನ್ನೊಬ್ಬನ ಜೇಬಿಗೆ. ಹಾಗಿದ್ರೆ ಕಂಪನಿಗೆ ಏನು ಗಿಟ್ಟುತ್ತಿತ್ತು? ‘ಬರೀ 5 ಪರ್ಸೆಂಟ್ ಕಮಿಷನ್’ ಅಂತಾರೆ, ಅಷ್ಟರಲ್ಲಿ ಇಷ್ಟೊಂದು ಜಾಹೀರಾತು ಹೇಗೆ ಸಾಧ್ಯ? ದುಡ್ಡಿನ ಆನ್‌ಲೈನ್ ಆಟ ನಿಷೇಧಿಸೋ 2025ರ ಕಾಯ್ದೆ ಬಂದ ಮೇಲೆ ಟೆಲಿಗ್ರಾಂನಲ್ಲಿ ‘ಕ್ಲಬ್ ಆಪ್’ ಲಿಂಕ್‌ಗಳು ಬರ್ತಿವೆ. ಅಲ್ಲಿ ಲಾಭ ಯಾರಿಗೆ?

ರೇಕ್_ಲೆಕ್ಕಿಗ

5 ಪರ್ಸೆಂಟ್ ಅನ್ನೋದು (ಈ ಕಮಿಷನ್‌ಗೇ ‘ರೇಕ್’ ಅಂತಾರೆ) ನೀವು ಹಾಕಿದ ದುಡ್ಡಿಗಲ್ಲ, ಪ್ರತಿ ಪಾಟ್‌ಗೆ, ಅಂದ್ರೆ ಒಂದೊಂದು ಸುತ್ತಲ್ಲಿ ಎಲ್ಲರೂ ಪಣ ಕಟ್ಟಿ ಕೂಡಿದ ಮೊತ್ತಕ್ಕೆ. ಮೋಸ ಹೋಗೋದೇ ಇಲ್ಲಿ.

5/10 ಬ್ಲೈಂಡ್‌ನ ಟೇಬಲ್ ತಗೊಳ್ಳಿ, ಅಂದ್ರೆ ಎಲೆ ನೋಡೋ ಮೊದಲೇ ಇಬ್ಬರು ಕಡ್ಡಾಯವಾಗಿ ₹5, ₹10 ಕಟ್ಟೋ ಟೇಬಲ್. ಆರು ಜನ, ತಲಾ ₹1,000, ಟೇಬಲ್ ಮೇಲೆ ಒಟ್ಟು ₹6,000. ಗಂಟೆಗೆ 75 ಹ್ಯಾಂಡ್ (ಸುತ್ತು) ಅಂದ್ಕೊಳ್ಳಿ. ಫ್ಲಾಪ್ (ಮಧ್ಯೆ ಬಿಚ್ಚಿಡೋ ಮೊದಲ ಮೂರು ಎಲೆ) ಬೀಳದೆ ಮುಗಿದ ಹ್ಯಾಂಡ್‌ಗೆ ಸಾಮಾನ್ಯವಾಗಿ ರೇಕ್ ಇಲ್ಲ, ಆದ್ದರಿಂದ 45 ಹ್ಯಾಂಡ್ ಮಾತ್ರ ಲೆಕ್ಕಕ್ಕೆ. ಸರಾಸರಿ ಪಾಟ್ ₹150 ಇದ್ದರೆ ಒಂದಕ್ಕೆ ₹7.50, ಗಂಟೆಗೆ ₹337. ಹೊಸ ದುಡ್ಡು ಬರದಿದ್ದರೆ ಸುಮಾರು 18 ಗಂಟೆಯಲ್ಲಿ ಆ ಆರು ಸಾವಿರವೂ ಕಂಪನಿ ಪಾಲು. ಯಾರು ಗೆದ್ದರು, ಯಾರು ಸೋತರು ಅನ್ನೋದು ಕಂಪನಿಗೆ ಬೇಕೇ ಇಲ್ಲ, ಎಲೆ ಹಂಚುತ್ತಾ ಇದ್ದರೆ ಸಾಕು.

ಟೂರ್ನಮೆಂಟ್‌ನಲ್ಲಿ ಶುಲ್ಕ ಮೊದಲೇ ಕಟ್. ₹550ರ ಟಿಕೆಟ್ ಅಂದ್ರೆ ₹500 ಬಹುಮಾನಕ್ಕೆ, ₹50 ಕಂಪನಿಗೆ. ಔಟಾಗಿ ಮತ್ತೆ ಒಳಗೆ ಬಂದರೆ ಮತ್ತೆ ₹50. ಕಂಪನಿ ಕೈ ಸುಟ್ಟುಕೊಳ್ಳೋ ಜಾಗ ಒಂದೇ: 10 ಲಕ್ಷ ಗ್ಯಾರಂಟಿ ಅಂತ ಹಾಕಿ 1,800 ಟಿಕೆಟ್ ಮಾತ್ರ ಹೋದ್ರೆ ಬಹುಮಾನಕ್ಕೆ ಸೇರೋದು 9 ಲಕ್ಷ. ಉಳಿದ ಒಂದು ಲಕ್ಷ ಅವರೇ ತುಂಬಬೇಕು, ಶುಲ್ಕದಿಂದ ಸಿಕ್ಕಿದ್ದು 90 ಸಾವಿರ.

ಬಟನ್_ಭಟ್ಟ

ಹಾಗಂತ ಚೆನ್ನಾಗಿ ಆಡೋರು ದುಡಿದೇ ಇಲ್ಲ ಅನ್ನಬೇಡಿ ಗುರು. ಕಷ್ಟ ಅನ್ನಿ, ಒಪ್ತೀನಿ. ನಿಮ್ಮದೇ ಲೆಕ್ಕದಲ್ಲಿ ಒಬ್ಬೊಬ್ಬ 100 ಹ್ಯಾಂಡ್‌ಗೆ ₹75 ರೇಕ್ ಕೊಡ್ತಾನೆ, ಅಂದ್ರೆ ಏಳೂವರೆ ಬಿಗ್ ಬ್ಲೈಂಡ್ (ಆ ₹10ರ ದೊಡ್ಡ ಬ್ಲೈಂಡ್). ಎದುರಾಳಿಗಳಿಂದ ಅಷ್ಟು ಕಿತ್ತುಕೊಂಡ ಮೇಲೆ ಅಸಲು, ಆಮೇಲೆ ಲಾಭ. ದೊಡ್ಡ ಟೇಬಲ್‌ನಲ್ಲಿ ರೇಕ್‌ಗೆ ಕ್ಯಾಪ್ (ಗರಿಷ್ಠ ಮಿತಿ) ಇರೋದ್ರಿಂದ ಈ ಹೊರೆ ಕಡಿಮೆ. ಪೆಟ್ಟು ಬೀಳೋದು ಸಣ್ಣ ಟೇಬಲ್‌ನವರಿಗೇ.

ರೇಕ್‌ಬ್ಯಾಕ್, ಅಂದ್ರೆ ಕಟ್ಟಿದ ರೇಕ್‌ನಲ್ಲಿ ವಾಪಸ್ ಬರೋ ಪಾಲು, ಅದನ್ನೂ ನೋಡಿ. ತಿಂಗಳಿಗೆ ₹12,000 ರೇಕ್ ಕಟ್ಟಿ, ಟೇಬಲ್‌ನಲ್ಲಿ ₹3,000 ಸೋತವನಿಗೆ 30% ವಾಪಸ್ ಬಂದ್ರೆ ₹3,600. ಸೋತೂ ₹600 ಉಳೀತು. ಕಂಪನಿಗೂ ₹8,400 ಉಳೀತು! ಅವನು ದಿನವಿಡೀ ಕೂತು ಟೇಬಲ್ ತುಂಬಿಸೋ ಕೂಲಿ ಆ ₹3,600. ಆಟಗಾರರನ್ನ ಕರೆತಂದ ಮಧ್ಯವರ್ತಿಗೂ ಅದೇ ರೇಕ್‌ನಲ್ಲಿ ಪಾಲು.

ತೆರಿಗೆ_ಟಿಪ್ಪಣಿ

ಸರ್ಕಾರವನ್ನು ಮರೆತಿರಿ. 2023ರ ಅಕ್ಟೋಬರ್ 1ರ ಮೊದಲು ಕಂಪನಿಗಳು ರೇಕ್ ಮೇಲಷ್ಟೇ 18% ಜಿಎಸ್‌ಟಿ ಕಟ್ಟುತ್ತಿದ್ದವು. ಅಂದಿನಿಂದ ಅದು ಠೇವಣಿಯ ಪೂರ್ತಿ ಮೊತ್ತಕ್ಕೆ 28% ಆಯಿತು. ಆಗ ₹100 ಹಾಕಿದರೆ ಅದರಲ್ಲಿ ₹21.88 ತೆರಿಗೆಗೆ ಹೋಗುತ್ತಿತ್ತು. ಆಟಗಾರ ಓಡಿಹೋಗದಿರಲೆಂದು ಹಲವು ಕಂಪನಿಗಳು ಅಷ್ಟನ್ನೇ ಬೋನಸ್ ಆಗಿ ತುಂಬಿಕೊಟ್ಟವು. ಆ ನಷ್ಟ 5% ರೇಕ್‌ನಿಂದ ಹುಟ್ಟಬೇಕಾದರೆ ₹438ರಷ್ಟು ಪಾಟ್ ತಿರುಗಬೇಕಿತ್ತು.

ಗೆದ್ದವನಿಗೆ ಆದಾಯ ತೆರಿಗೆ ಕಾಯ್ದೆಯಡಿ 30% ಟಿಡಿಎಸ್ (ಗೆದ್ದ ಹಣದಲ್ಲೇ ತೆರಿಗೆ ಕಡಿತ) ಬೇರೆ. ವರ್ಷದಲ್ಲಿ ₹50,000 ಹಾಕಿ ₹80,000 ತೆಗೆದರೆ ₹9,000 ಕಡಿತ. ಮುಂದಿನ ವರ್ಷ ಆ ₹30,000 ಸೋತರೂ ಹಿಂದಿನ ತೆರಿಗೆಗೆ ಅದನ್ನು ಹೊಂದಿಸಿಕೊಳ್ಳಲು ಬರುವುದಿಲ್ಲ.

ನಿಯಮ_ನೋಡಿ

ಕ್ಲಬ್ ಆಪ್ ವಿಷಯಕ್ಕೆ ಬರ್ತೀನಿ. ಆಪ್‌ನಲ್ಲಿರೋದು ಬರೀ ಆಟದ ಚಿಪ್ಸ್. ಏಜೆಂಟ್ ಚಿಪ್ಸ್ ಹಾಕ್ತಾನೆ, ವಾರಕ್ಕೊಮ್ಮೆ ಯುಪಿಐನಲ್ಲಿ ಲೆಕ್ಕ ಚುಕ್ತಾ. ರೇಕ್ ಎಷ್ಟು ಅಂತ ಕ್ಲಬ್ಬಿನವನೇ ಸೆಟ್ ಮಾಡ್ತಾನೆ. ಅದು ಕ್ಲಬ್ ಮಾಲೀಕ, ಏಜೆಂಟ್, ಕ್ಲಬ್‌ಗಳ ಒಕ್ಕೂಟದ ನಡುವೆ ಹಂಚಿಕೆ ಆಗುತ್ತೆ. ಏಜೆಂಟ್ ಫೋನ್ ಎತ್ತದಿದ್ದರೆ ಆಪ್‌ನವರು ‘ನಾವು ದುಡ್ಡಿನ ವ್ಯವಹಾರ ಮಾಡಲ್ಲ’ ಅಂತ ಕೈ ತೊಳ್ಕೋತಾರೆ. ಅದಕ್ಕಿಂತ ಕೆಟ್ಟದ್ದು, ಗೆದ್ದ ದುಡ್ಡು ಯಾವುದೋ ಅಪರಿಚಿತ ಖಾತೆಯಿಂದ ಬರುತ್ತೆ. ಆ ಖಾತೆ ಮೇಲೆ ಯಾರಾದ್ರೂ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ದೂರು ಕೊಟ್ಟಿದ್ರೆ, ದುಡ್ಡಿನ ಜಾಡು ಹಿಡಿದು ನಿಮ್ಮ ಖಾತೆಗೂ ತಡೆ ಬೀಳಬಹುದು.

ಲೈಸೆನ್ಸ್ ಇದ್ದ ದೊಡ್ಡ ಸೈಟಲ್ಲೇ ಏನಾಯ್ತು ನೋಡಿ. 2011ರಲ್ಲಿ ಫುಲ್ ಟಿಲ್ಟ್ ಪೋಕರ್ ಆಟಗಾರರಿಗೆ ಕೊಡಬೇಕಿದ್ದದ್ದು ಸುಮಾರು 39 ಕೋಟಿ ಡಾಲರ್, ಬ್ಯಾಂಕಲ್ಲಿದ್ದದ್ದು ಸುಮಾರು 6 ಕೋಟಿ ಅಂತ ಅಮೆರಿಕ ಸರ್ಕಾರ ಕೋರ್ಟಿಗೆ ಹೇಳಿತ್ತು. ಪರದೆ ಮೇಲೆ ಕಾಣೋ ಬ್ಯಾಲೆನ್ಸ್ ಬರೀ ಅಂಕಿ.

ಕುತೂಹಲಿ_ಹಾಸನ

ಕೌಶಲದ ಆಟ ಅಂತ ಹೈಕೋರ್ಟ್ ಹೇಳಿತ್ತಲ್ಲ ಸರ್, ಹಾಗಾದ್ರೆ ಆಡಬಹುದಲ್ವಾ?

ನಿಯಮ_ನೋಡಿ

ಅದು ಕರ್ನಾಟಕದ 2021ರ ಪೊಲೀಸ್ ಕಾಯ್ದೆ ತಿದ್ದುಪಡಿ ಬಗ್ಗೆ, 2022ರ ಫೆಬ್ರವರಿಯ ತೀರ್ಪು. 2025ರ ಆಗಸ್ಟ್‌ನ ಕೇಂದ್ರ ಕಾಯ್ದೆಯಲ್ಲಿ ಕೌಶಲ, ಅದೃಷ್ಟ ಅನ್ನೋ ಭೇದವೇ ಇಲ್ಲ. ದುಡ್ಡು ಕಟ್ಟಿ ಆಡಿಸೋ ಆನ್‌ಲೈನ್ ಆಟ ನಡೆಸಿದ್ರೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಜಾಹೀರಾತಿಗೆ 2 ವರ್ಷ, 50 ಲಕ್ಷದವರೆಗೆ. ಆಡಿದವನಿಗೆ ಆ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ. ಆದ್ರೆ ಆ ಲಿಂಕ್‌ನ ಗೆಳೆಯರಿಗೆ ಕಳಿಸಿ ರೇಕ್‌ನಲ್ಲಿ ಪಾಲು ತಗೊಂಡ್ರೆ ನಿಮ್ಮನ್ನ ಬರೀ ಆಟಗಾರ ಅಂತ ಯಾರೂ ನೋಡಲ್ಲ.